ಗೋಡೆಗೆ ತಾಗದ ಪೆಟ್ಟಿಗೆ

ಡ್ರಿಲ್ಲಿನ ಮೊನೆ ಗೋಡೆಗೆ ತಾಗಿ ಒಂದು ಚಿಟಿಕೆ ಸುಣ್ಣ ಉದುರಿತ್ತಷ್ಟೆ. ಕೆಳಗಿದ್ದ ಕಜೆತಾನರು ಪ್ಲಗ್ಗನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡರು. ಏಣಿಯ ತುದಿಯಲ್ಲಿ ಆನ್ಸನ್‌ನ ಕೈಯೊಳಗೆ ಡ್ರಿಲ್ಲು ಗೊರಗುಟ್ಟಿ ಸುಮ್ಮನಾಯಿತು. ಏಣಿ ಹಿಡಿದಿದ್ದ ಕೆಲಸದಾಳು ಚನಿಯನು ಅಪ್ಪನನ್ನೊಮ್ಮೆ ಮಗನನ್ನೊಮ್ಮೆ ನೋಡಿ, ಇದು ತನ್ನ ವಿಷಯವಲ್ಲ ಎಂಬಂತೆ ಬಾಯೊಳಗಿನ ಎಲೆಯಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ದೂಡಿದ.

"ಇಳಿ ಕೆಳಗೆ," ಎಂದರು ಕಜೆತಾನರು. "ನಾನು ಇರುವಾಗ ಈ ಗೋಡೆಗೆ ತೂತು ಹಾಕ್ಲಿಕ್ಕೆ ಆಗ್ಲಿಕ್ಕಿಲ್ಲ."

"ನಿಮ್ಮ ಮಗಳೇ ಹೇಳಿದ್ದು, ಗೋಡೆಗೇ ಕೂರಿಸ್ಬೇಕು ಅಂತ."

"ಅವಳು ತಿರುವನಂತಪುರದಲ್ಲಿ ಕೂತು ಹೇಳ್ತಾಳೆ. ಈ ಕಲ್ಲು ಹೊತ್ತದ್ದು ಅವಳಲ್ಲ."

"ನೀವೂ ಅಲ್ಲ ಪಪ್ಪಾ."

ಕಲ್ಲು ಹೊತ್ತವರು ಸತ್ತು ಹೋಗಿ ಮಣ್ಣಾಗಿ ತಲೆಮಾರುಗಳೇ ಕಳೆದಿದ್ದವು. ಕುಂಟಲಗುಡ್ಡೆಯ ಹಳೆಯ ಚರ್ಚಿನ, ಈ ಇಗರ್ಜಿಯ, ಒಂದೊಂದು ಕೆಂಪುಕಲ್ಲನ್ನೂ ಗುಡ್ಡದ ಬುಡದಿಂದ ತಲೆಹೊರೆಯಲ್ಲಿ ಸಾಗಿಸಿದ್ದಂತೆ. ಬೆಲ್ಲದ ನೀರು, ಸುಣ್ಣ, ಮರಳು ಕಲಸಿ ಗಾರೆ ಹಾಕಿದ್ದಂತೆ. ಈ 'ಅಂತೆ'ಗಳನ್ನು ಕೇಳಿಕೊಂಡೇ ಆನ್ಸನ್ ದೊಡ್ಡವನಾದದ್ದು. ಮುಂಬಯಿಯ ಹೋಟೆಲೊಂದರಲ್ಲಿ ಸ್ಟೋರ್ ನೋಡಿಕೊಂಡು, ನಿವೃತ್ತರಾಗಿ ಬಂದು, ಪಾಲನಾ ಮಂಡಳಿಯ ಉಪಾಧ್ಯಕ್ಷರಾದ ಮೇಲಂತೂ ಕಜೆತಾನರಿಗೆ ಆ ಗೋಡೆ ಸಂತರ ಮೂಳೆಯಷ್ಟೇ ಪವಿತ್ರವಾಗಿಬಿಟ್ಟಿತ್ತು. ಹಬ್ಬಕ್ಕೆ ಬಣ್ಣದ ಬಲ್ಬಿನ ಸರ ಕಟ್ಟಲಿಕ್ಕೂ ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ.

ಏಣಿಯ ಬುಡದಲ್ಲಿ ಗೋಣಿಯ ಮೇಲೆ ಇಟ್ಟಿದ್ದ ಪೆಟ್ಟಿಗೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಪೆಟ್ಟಿಗೆ ಎಂದರೆ ಪೂರ್ತಿ ಪೆಟ್ಟಿಗೆಯೂ ಅಲ್ಲ; ದೊಡ್ಡ ಅಲ್ಯೂಮಿನಿಯಂ ಡಬ್ಬಿಯ ಒಂದು ಮೂಲೆಯನ್ನು ಮಾತ್ರ ಕತ್ತರಿಸಿ ತೆಗೆದ ಹಾಗೆ, ಮೂರು ಹಾಳೆಗಳು ಒಂದಕ್ಕೊಂದು ನೆಟ್ಟಗೆ ಕೂಡಿದ್ದು. ಹೊಸಂಗಡಿಯ ತನ್ನ ವೆಲ್ಡಿಂಗ್ ಶೆಡ್ಡಿನಲ್ಲಿ ಆನ್ಸನ್ ಅದನ್ನು ಬೇರೆಲ್ಲ ಕೆಲಸ ಬದಿಗಿಟ್ಟು ಮಾಡಿದ್ದ. ಅಳತೆ ಕಳಿಸಿದ್ದು ತಂಗಿ ಮೆರ್ಲಿನ್, ಅವನಿಗಿಂತ ಒಂದು ವರ್ಷಕ್ಕೆ ಚಿಕ್ಕವಳು, ಹುಟ್ಟಿದಂದಿನಿಂದ ಅವನನ್ನು ಹೆಸರು ಹಿಡಿದೇ ಕರೆದವಳು. ಒಂಬತ್ತನೇ ಕ್ಲಾಸಿನಲ್ಲಿ ಮಾಸ್ತರರ ಕೈಯಿಂದ ಬೆತ್ತ ಕಸಿದು ಎರಡು ತುಂಡು ಮಾಡಿ ಆನ್ಸನ್ ಶಾಲೆಯ ಗೇಟು ದಾಟಿದಾಗ ಅವಳು ಎಂಟರಲ್ಲಿ ಮೊದಲ ಬೆಂಚಿನಲ್ಲಿದ್ದಳು. ಈಗ ಭೂಮಿ ಎಲ್ಲೆಲ್ಲಿ ಕುಸಿಯುತ್ತದೆಂದು ಉಪಗ್ರಹದಿಂದ ನೋಡುವ ಸಂಶೋಧನೆಯಲ್ಲಿದ್ದಳು. ಕೇರಳದ ಹಳೆಯ ಕಟ್ಟಡಗಳನ್ನು ಕಾಯುವ ಯೋಜನೆಯೊಂದಕ್ಕೆ ತನ್ನೂರ ಇಗರ್ಜಿಯ ಹೆಸರನ್ನೂ ಅವಳೇ ಸೇರಿಸಿದ್ದಳು.

ಅವಳು ಫೋನಿನಲ್ಲಿ ವಿವರಿಸಿದ್ದು ಸರಳವಾಗಿಯೇ ಇತ್ತು. ಉಪಗ್ರಹ ಹನ್ನೆರಡು ದಿನಕ್ಕೊಮ್ಮೆ ಈ ಗುಡ್ಡದ ಮೇಲಿಂದ ಹಾದುಹೋಗುತ್ತದೆ. ಕೆಳಗೆ ರೇಡಾರಿನ ಅಲೆ ಬಿಡುತ್ತದೆ. ಮರ, ಪೊದೆ, ಹುಲ್ಲಿಗೆ ತಾಗಿದ ಅಲೆ ಚದುರಿಹೋಗುತ್ತದೆ. ಇಂಥ ಲೋಹದ ಮೂಲೆಗೆ ಬಿದ್ದದ್ದು ಮಾತ್ರ ಬಂದ ದಾರಿಯಲ್ಲೇ ವಾಪಸಾಗುತ್ತದೆ. ಪೆಟ್ಟಿಗೆ ಯಾವುದಕ್ಕೆ ಅಂಟಿಕೊಂಡಿದೆಯೋ ಅದು ಅಕ್ಕಿಕಾಳಿನಷ್ಟು ಜಗ್ಗಿದರೂ ಲೆಕ್ಕದಲ್ಲಿ ಗೊತ್ತಾಗುತ್ತದೆ. ಗುಡ್ಡದ ಪಡುಬದಿಯಲ್ಲಿ ಕಲ್ಲುಕೋರೆ ಶುರುವಾದ ಮೇಲೆ ಮಳೆನೀರು ದಾರಿ ಬದಲಿಸಿತ್ತು. ಕೆಂಪುಕಲ್ಲಿನ ಅಡಿಯ ಮೆತ್ತನೆ ಶೇಡಿಮಣ್ಣು ಒಳಗೊಳಗೇ ತೊಳೆದುಹೋಗಬಹುದೆಂಬ ಹೆದರಿಕೆ ಅವಳಿಗಿತ್ತು. ಅದಕ್ಕೇ ಪೆಟ್ಟಿಗೆ.

ತೊಂದರೆ ಇದ್ದದ್ದು ಮಾಡಿನ ಮೇಲಿನ ತಗಡಿನ ಶೀಟಿನಿಂದ. ಹಂಚು ಸೋರುತ್ತದೆಂದು ಎರಡು ವರ್ಷದ ಹಿಂದೆ ಇಗರ್ಜಿಯ ಮೇಲಿಂದ ಪೂರ್ತಿ ಶೀಟಿನ ಚಪ್ಪರ ಹಾಕಿಸಿದ್ದರು. ಹಾಕಿದವನೂ ಆನ್ಸನ್ನೇ. ಗೋಡೆ ಮುಟ್ಟಬಾರದೆಂದು ಕಜೆತಾನರು ಆಗಲೂ ಹಟ ಹಿಡಿದಿದ್ದರಿಂದ ಸುತ್ತಲೂ ಬೇರೆಯೇ ಗುಂಡಿ ತೆಗೆದು, ಹಾರೆ ಕಲ್ಲಿಗೆ ಟಣ್ ಎನ್ನುವವರೆಗೂ ಅಗೆದು, ಕಾಂಕ್ರೀಟು ಸುರಿದು ಕಬ್ಬಿಣದ ಕಂಬ ನಿಲ್ಲಿಸಿದ್ದ. ದೊಡ್ಡ ಕೊಡೆಯ ಕೆಳಗೆ ನಿಂತ ಮುದುಕಿಯ ಹಾಗೆ ಇಗರ್ಜಿ ಆ ಚಪ್ಪರದ ಒಳಗಿತ್ತು. ಒಂದಕ್ಕೊಂದು ಎಲ್ಲಿಯೂ ತಾಗುತ್ತಿರಲಿಲ್ಲ. ಹಾಗಾಗಿ ಗೋಡೆಯ ನೆತ್ತಿಗೆ ಪೈಪು ಕೂರಿಸಿ, ಶೀಟಿಗೆ ತೂತು ಮಾಡಿ, ಪೈಪನ್ನು ಹೊರಗೆ ಹಾಯಿಸಿ, ಅದರ ತುದಿಗೆ ಪೆಟ್ಟಿಗೆ ಸಿಕ್ಕಿಸಬೇಕಿತ್ತು. ಆಕಾಶ ಕಾಣುವುದು ಶೀಟಿನ ಮೇಲೆಯೇ.

ಪ್ಲಗ್ಗು ಕೊಡಲು ಕಜೆತಾನರು ಒಪ್ಪಲಿಲ್ಲ. ಶೀಟಿಗೂ ತೂತು ಬೇಡ, ನೀರು ಇಳಿದು ಒಳಗಿನ ಪೂಜಾಪೀಠದ, ಆಲ್ತಾರಿನ ಮೇಲೆ ಬೀಳುತ್ತದೆ ಎಂದರು. ಮಧ್ಯಾಹ್ನದವರೆಗೆ ಜಗಳವಾಡಿ, ಚನಿಯ ಊಟಕ್ಕೆ ಹೋಗಿ ಬಂದ ಮೇಲೂ ಅದೇ ರಗಳೆ ನಡೆದು, ಕೊನೆಗೆ ಆನ್ಸನ್ ಶೀಟಿನ ಮೇಲೆ ಹತ್ತಿ, ಚಪ್ಪರದ ನಡುಪೈಪಿಗೇ ಬ್ರಾಕೆಟ್ ವೆಲ್ಡ್ ಮಾಡಿ ಪೆಟ್ಟಿಗೆಯನ್ನು ಬಿಗಿದ. ಫೋಟೋ ತೆಗೆದು ಮೆರ್ಲಿನ್‌ಗೆ ಕಳಿಸಿದ. ಹೆಬ್ಬೆರಳಿನ ಚಿತ್ರ ಬಂತು. ಹಿಂದೆಯೇ, ಗಟ್ಟಿ ಕೂತಿದೆಯಾ ಎಂಬ ಪ್ರಶ್ನೆ. ಆನೆ ಎಳೆದರೂ ಬರಲಿಕ್ಕಿಲ್ಲ ಎಂದು ಬರೆದ. ಅದು ನಿಜವೂ ಆಗಿತ್ತು.

ಗೋಡೆಗಲ್ಲ, ಶೀಟಿನ ಪೈಪಿಗೆ ಎಂದು ಬರೆಯಲು ಬೆರಳು ಹೋದದ್ದು ಹೌದು. ಆದರೆ ಬರೆದರೆ ಅವಳು ಕೂಡಲೇ ಫೋನ್ ಮಾಡುತ್ತಾಳೆ, ಸಿಟ್ಟಿಲ್ಲದ ಆ ಸ್ವರದಲ್ಲಿ ಮೊದಲಿನಿಂದ ವಿವರಿಸುತ್ತಾಳೆ, ಚಿಕ್ಕ ಮಗುವಿಗೆ ಹೇಳುವ ಹಾಗೆ. ಅಪ್ಪನ ಹತ್ತಿರ ಸೋತದ್ದನ್ನು ಅವಳಿಗೆ ಒಪ್ಪಿಸಬೇಕಾಗುತ್ತದೆ. ಬೈದರೆ ಆನ್ಸನ್ ತಡೆದುಕೊಳ್ಳುತ್ತಿದ್ದ. ವಿವರಣೆ ಅವನಿಗೆ ಆಗುತ್ತಿರಲಿಲ್ಲ. ಫೋನನ್ನು ಪ್ಯಾಂಟಿನ ಜೇಬಿಗೆ ತುರುಕಿ ಏಣಿ ಮಡಚಿದ.

ಮರುವರ್ಷದ ಕ್ರಿಸ್ಮಸ್ಸಿಗೆ ಮೆರ್ಲಿನ್ ಬಂದಾಗ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಗುಡ್ಡದ ಚಿತ್ರದ ನಡುವೆ ಒಂದೇ ಒಂದು ಹಸಿರು ಚುಕ್ಕೆ. ಅದರ ಪಕ್ಕ ಒಂದು ಗೆರೆ, ಹಾಸುಗಲ್ಲಿನ ಹಾಗೆ ಮಟ್ಟಸ. ಜೋಸ್ಫಿನ್ ಮಾವ್ಶಿ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. ತಾಯಿ ತೀರಿಹೋದ ಮೇಲೆ ಇಬ್ಬರನ್ನೂ ಸಾಕಿದವರು ಅವರೇ, ತಾಯಿಯ ಅಕ್ಕ. ದಿನಾ ಗುಡ್ಡ ಹತ್ತಿ ಇಗರ್ಜಿಯ ಬೀಗ ತೆಗೆಯುವುದು, ಗುಡಿಸುವುದು, ಸಂಜೆ ಜಪಮಾಲೆ ಹಿಡಿದು ತೇಸರ ಹೇಳಿಸುವುದು ಅವರ ಕೆಲಸ. ಇದು ನಮ್ಮ ಇಗರ್ಜಿಯಾ ಎಂದು ಕೇಳಿದರು. ಹೌದು ಮಾವ್ಶಿ, ಎಂತ ಅಲುಗಾಟವೂ ಇಲ್ಲ ಎಂದಳು ಮೆರ್ಲಿನ್. ಮಾವ್ಶಿ ಪರದೆಯ ಕಡೆಗೇ ಶಿಲುಬೆಯ ಗುರುತು ಮಾಡಿದರು. ಎಲ್ಲರೂ ನಕ್ಕರು. ಆನ್ಸನ್ ಕೂಡ ನಕ್ಕ. ಆ ಮಟ್ಟಸ ಗೆರೆ ತನ್ನ ಕಂಬಗಳಿಗೆ ಆಕಾಶದಿಂದ ಸಿಕ್ಕ ಸರ್ಟಿಫಿಕೇಟೆಂದು ಅವನಿಗೆ ಒಳಗೇ ಒಂದು ಖುಷಿ ಹುಟ್ಟಿತ್ತು. ಕಜೆತಾನರು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಇಗರ್ಜಿಯ ದೊಡ್ಡ ಬಾಗಿಲು ಮಾತ್ರ ಪೆಟ್ಟಿಗೆ ಕೂರಿಸಿದ ವರ್ಷದಿಂದಲೇ ನೆಲ ಉಜ್ಜತೊಡಗಿತ್ತು. ಮಳೆಗೆ ಮರ ಉಬ್ಬುತ್ತದೆ ಎಂದರು. ಆನ್ಸನ್ ಬಂದು ಬಾಗಿಲಿನ ಅಡಿ ಕೀಸಿ ಕೊಟ್ಟ. ಬೇಸಗೆಯಲ್ಲೂ ಉಜ್ಜಿತು, ಆಗಲೂ ಕೀಸಿದ. ಆಲ್ತಾರಿನ ಹಿಂದಿನ ಗೋಡೆಯಲ್ಲಿ ಎದ್ದ ಬಿರುಕಿಗೆ ಹಬ್ಬದ ಮೊದಲು ಸಿಮೆಂಟು ತುಂಬಿಸಿ ಬಿಳಿ ಬಳಿದರು. ಮರುವರ್ಷದ ಹಬ್ಬಕ್ಕೆ ಅದರ ಮೇಲೆಯೇ ಇನ್ನೊಮ್ಮೆ. ಪ್ರೀತಿಯಿಂದಲೇ ಮಾಡಿದರು ಎಲ್ಲವನ್ನೂ. ಇಗರ್ಜಿಗೆ ವಯಸ್ಸಾದದ್ದು ಹೊರಗಿನವರ ಕಣ್ಣಿಗೆ ಬೀಳಬಾರದೆಂದು.

ಅದಕ್ಕೆ ಕಾರಣವಿತ್ತು. ಹೊಸಂಗಡಿಯ ಹೆದ್ದಾರಿಯ ಬದಿಗೆ ಹೊಸ ಇಗರ್ಜಿ ಎದ್ದಿತ್ತು: ಟೈಲ್ಸಿನ ನೆಲ, ಸೀಲಿಂಗಿನಲ್ಲಿ ಸ್ಪೀಕರು, ಕಾರು ನಿಲ್ಲಿಸಲು ಜಾಗ. ಗುಡ್ಡದ ಮೇಲಿನದಕ್ಕೆ ಉಳಿದದ್ದು ಬೆರಳೆಣಿಕೆಯ ಮನೆಗಳು, ತಿಂಗಳಿಗೊಂದು ಪೂಜೆ. ಒಮ್ಮೆ ಬೀಗ ಬಿದ್ದರೆ ಅದು ಮತ್ತೆ ತೆರೆಯುವುದಿಲ್ಲವೆಂದು ಕುಂಟಲಗುಡ್ಡೆಯ ಎಲ್ಲರಿಗೂ ಗೊತ್ತಿತ್ತು. ಬಸ್ಸಿನಲ್ಲಿ ಹೊಸಂಗಡಿಯವರೆಗೆ ಹೋಗಿ ಪೂಜೆ ಕೇಳುವ ಕಾಲು ಜೋಸ್ಫಿನ್ ಮಾವ್ಶಿಗೆ ಇರಲಿಲ್ಲ. ಗುಡ್ಡ ಹತ್ತುವ ಕಾಲು ಎಲ್ಲಿಂದ ಬರುತ್ತದೆಂದು ಯಾರೂ ಕೇಳುತ್ತಿರಲಿಲ್ಲ.

ಹೊಸದಾಗಿ ಬಂದ ಫಾದರ್‌ಗೆ ಬಿರುಕಿನ ಮೇಲಿನ ಹೊಸ ಬಿಳಿ ಸರಿಕಾಣಲಿಲ್ಲ. ಎರಡು ಸಾವಿರದ ಹದಿನೆಂಟರ ಫೆಬ್ರವರಿಯಲ್ಲಿ ಇಂಜಿನಿಯರ್ ಪುರುಷೋತ್ತಮರನ್ನು ಕರೆಸಿದರು. ಆನ್ಸನ್ ಅವರನ್ನು ಕಂಡದ್ದೇ ಹಲ್ಲು ಕಚ್ಚಿದ. ಪೈವಳಿಕೆಯ ಒಂದು ಅಂಗನವಾಡಿಗೆ ಅವನು ಮಾಡಿದ ಕಿಟಕಿಯ ಸರಳುಗಳನ್ನು ಹತ್ತು ಜನರೆದುರು ಬೂಟಿನಿಂದ ಒದ್ದು, ವೆಲ್ಡಿಂಗ್ ಬಿಟ್ಟುಕೊಂಡದ್ದನ್ನು ತೋರಿಸಿದ ಮನುಷ್ಯ ಅದು. ಅವತ್ತು ವೆಲ್ಡಿಂಗಿನ ರಾಡೇ ಕೆಟ್ಟದ್ದಿತ್ತು. ಹೇಳಿದರೆ ಯಾರು ಕೇಳುತ್ತಾರೆ.

ಪುರುಷೋತ್ತಮರು ಎರಡು ದಿನ ಗೋಡೆ ತಟ್ಟಿ, ಮಟ್ಟಗೋಲು ಹಿಡಿದು ನೋಡಿ, ಮಂಡಳಿಯ ಸಭೆಯಲ್ಲಿ ತಮ್ಮ ಮಾತು ಇಟ್ಟರು. ಹಿಂದಿನ ಗೋಡೆ ಕುಸಿಯುತ್ತಿದೆ. ಮಳೆಗೆ ಮೊದಲು ಆಲ್ತಾರನ್ನು ಬಿಚ್ಚಿ ಬೇರೆ ಕಡೆ ಇಡಬೇಕು, ಗೋಡೆಗಳಿಗೆ ಆಧಾರ ಕೊಡಬೇಕು, ಅಡಿಯಲ್ಲಿ ನೀರು ಎಲ್ಲಿ ಹೋಗುತ್ತದೆಂದು ಅಗೆದು ನೋಡಬೇಕು. ಅಲ್ಲಿಯವರೆಗೆ ಒಳಗೆ ಯಾರೂ ಕಾಲಿಡಬಾರದು. ಎಷ್ಟು ಸಮಯ ಎಂದು ಯಾರೋ ಕೇಳಿದರು. ಎರಡು ಮಳೆಗಾಲ ಆಗಬಹುದು ಎಂದರು. ಎರಡು ಮಳೆಗಾಲವೆಂದರೆ ಮುಂದೆಂದೂ ತೆರೆಯುವುದಿಲ್ಲವೆಂದೇ ಅರ್ಥ. ಹೆಂಗಸರ ಬೆಂಚಿನಲ್ಲಿ ಜೋಸ್ಫಿನ್ ಮಾವ್ಶಿ ಬೀಗದ ಕೈಯ ಗೊಂಚಲನ್ನು ಸೆರಗಿನೊಳಗೆ ಸುತ್ತಿಕೊಂಡರು.

ಆನ್ಸನ್ ಎದ್ದು ನಿಂತ. ಸಾರ್ ಕಣ್ಣಿಗೆ ಕಂಡದ್ದು ಹೇಳುತ್ತಾರೆ, ನಮ್ಮ ಹತ್ತಿರ ಉಪಗ್ರಹ ಕಂಡದ್ದು ಉಂಟು ಎಂದ. ಫೋನಿನಲ್ಲಿದ್ದ ಗೆರೆಯ ಚಿತ್ರವನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿದ. ಅದನ್ನು ನೋಡಿದವರ ಬೆನ್ನು ಒಬ್ಬೊಬ್ಬರದಾಗಿ ನೆಟ್ಟಗಾಯಿತು. ಪುರುಷೋತ್ತಮರು ಫೋನನ್ನು ಬಹಳ ಹೊತ್ತು ಹಿಡಿದು ನೋಡಿ, ಇದನ್ನು ಮಾಡಿದವರ ಹತ್ತಿರ ಮಾತಾಡಬಹುದಾ ಎಂದು ಕೇಳಿದರು. ಸ್ವರದಲ್ಲಿ ತಮಾಷೆ ಇರಲಿಲ್ಲ. ಕಜೆತಾನರೇ ಮಗಳಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು.

"ಗೆರೆ ಸರಿ ಉಂಟಮ್ಮ," ಎಂದರು ಪುರುಷೋತ್ತಮರು. "ಆದರೆ ಆ ಪೆಟ್ಟಿಗೆ ಕೂತದ್ದು ಎಂತದರ ಮೇಲೆ? ಕೆಳಗಿನಿಂದ ಅದರ ಕಾಲು ಕಾಣುದಿಲ್ಲ ನನಗೆ."

ಆ ಕಡೆಯಿಂದ ಮೆರ್ಲಿನ್‌ಳ ಸ್ವರ ಬಂತು, ಸ್ವಲ್ಪ ಬೇರೆಯಾಗಿ.

"ಆನ್ಸನ್ ಇದ್ದಾನಾ ಅಲ್ಲಿ? ಆನ್ಸನ್, ಗೋಡೆಗೇ ಹಾಕಿದ್ದಲ್ವಾ ನೀನು? ಶೀಟಿಗೆ ಅಲ್ಲ ಅಲ್ವಾ?"

ಆನ್ಸನ್ ಅಪ್ಪನ ಮುಖ ನೋಡಿದ. ಪ್ಲಗ್ಗು ಕಿತ್ತ ಕೈ ಈಗ ಗಡಿಯಾರದ ಪಟ್ಟಿಯನ್ನು ಬಿಚ್ಚಿ ಮತ್ತೆ ಹಾಕಿಕೊಳ್ಳುತ್ತಿತ್ತು. ಕಜೆತಾನರು ತಲೆ ಎತ್ತಲಿಲ್ಲ. ಪುರುಷೋತ್ತಮರು ಮಾತ್ರ ಅವನನ್ನೇ ನೋಡುತ್ತಿದ್ದರು, ಅವತ್ತು ಕಿಟಕಿಯ ಸರಳನ್ನು ನೋಡಿದ ಹಾಗೆ.

"ಗೋಡೆಗೇ," ಎಂದ ಆನ್ಸನ್.

"ಹಾಗಾದ್ರೆ ಸಾರ್, ಎರಡು ವರ್ಷದಲ್ಲಿ ಎಂತದೂ ಜಗ್ಗಲಿಲ್ಲ," ಎಂದಿತು ಮೇಜಿನ ಮೇಲಿನ ಫೋನು.

ಪುರುಷೋತ್ತಮರು ಚೀಲ ಎತ್ತಿಕೊಂಡರು. ತಾನು ಕಂಡದ್ದನ್ನು ಬರೆದು ಕೊಡುತ್ತೇನೆ, ಮಾಡುವುದು ಬಿಡುವುದು ನಿಮ್ಮ ಇಷ್ಟ ಎಂದು ಫಾದರಿಗೆ ಹೇಳಿ ಹೋದರು. ಫಾದರ್ ಒಬ್ಬರೇ ಏನು ಮಾಡಿಯಾರು. ಆಧಾರದ ಮಾತು ಬಿದ್ದುಹೋಗಿ, ಮೇ ತಿಂಗಳ ಹಬ್ಬಕ್ಕೆ ಹೊರಗೋಡೆಗೆಲ್ಲ ಹೊಸ ಬಣ್ಣ ಬಂತು. ಹಬ್ಬದ ದಿನ ಜನ ಆನ್ಸನ್‌ನ ಬೆನ್ನು ತಟ್ಟಿದರು. ಇಂಜಿನಿಯರನ ಬಾಯಿ ಮುಚ್ಚಿಸಿದ್ದನ್ನು ವರ್ಕಾಡಿಯವರೆಗೂ ಹೇಳಿಕೊಂಡು ತಿರುಗಿದರು. ಅವನು ಅವತ್ತು ಕುಡಿದ, ಆದರೆ ಕುಡಿದದ್ದು ಹತ್ತಲಿಲ್ಲ. ಮಳೆ ಹಿಡಿಯುವ ಮೊದಲು ಒಂದು ದಿನ ಏಣಿ ಹಾಕಿ ಪೆಟ್ಟಿಗೆ ಬಿಚ್ಚಿ ಗೋಡೆಗೇ ಕೂರಿಸಿಬಿಡುವ ಎಂದುಕೊಂಡ. ಅಪ್ಪ ಇಲ್ಲದ ಹೊತ್ತು ನೋಡಿ ಮಾಡಿದರೆ ಆಯಿತು. ಹಾಗೆಂದುಕೊಂಡದ್ದು ಒಂದು ಸಲವಲ್ಲ.

ಜುಲೈಯ ಮಳೆ ಒಂದು ವಾರ ಬಿಡದೆ ಹೊಯ್ದಿತು. ಒಂದು ಮಧ್ಯಾಹ್ನ ಜೋಸ್ಫಿನ್ ಮಾವ್ಶಿ ಆ ಮಳೆಯಲ್ಲೇ ಕೊಡೆ ಹಿಡಿದು ಗುಡ್ಡ ಹತ್ತಿದರು. ಬೀಗ ತೆಗೆದರೂ ಬಾಗಿಲು ಜಪ್ಪಯ್ಯ ಎನ್ನಲಿಲ್ಲ. ಭುಜ ಕೊಟ್ಟು ದೂಡಿದರು. ಕೀಸಲು ಆನ್ಸನ್‌ಗೆ ಹೇಳಬೇಕೆಂದು ವಾಪಸು ತಿರುಗಿ ನಾಲ್ಕು ಮೆಟ್ಟಿಲು ಇಳಿದಿದ್ದಾಗ ಬೆನ್ನ ಹಿಂದೆ ಯಾರೋ ದೊಡ್ಡ ಉಸಿರು ಬಿಟ್ಟ ಹಾಗಾಯಿತಂತೆ. ಗುಡುಗೂ ಅಲ್ಲ, ಸಿಡಿಲೂ ಅಲ್ಲ. ತಿರುಗಿ ನೋಡಿದರೆ ಶೀಟಿನ ಚಪ್ಪರ ಇತ್ತು. ಅದರ ಕೆಳಗೆ ಕೆಂಪು ಧೂಳು ಮಾತ್ರ ಇತ್ತು, ಅಂಥ ಮಳೆಯಲ್ಲೂ ಒಣ ಧೂಳು.

ಹಿಂದಿನ ಗೋಡೆ ಒಳಗೆ ಕುಸಿದು, ಮಾಡಿನ ಮರದ ಪಕಾಸುಗಳನ್ನು ಎಳೆದುಕೊಂಡು, ಆಲ್ತಾರಿನ ಮೇಲೆ ಮಲಗಿತ್ತು. ಉಳಿದ ಗೋಡೆಗಳು ಅದನ್ನು ಹಿಂಬಾಲಿಸಿದ್ದವು. ಮುಂದಿನ ಗೋಡೆ ಎದೆಯ ಮಟ್ಟಕ್ಕೆ ನಿಂತು, ತೆರೆಯದ ಬಾಗಿಲನ್ನು ಹಿಡಿದುಕೊಂಡಿತ್ತು. ಆನ್ಸನ್‌ನ ಕಂಬಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಮೆರ್ಲಿನ್ ಮರುದಿನದ ರೈಲಿನಲ್ಲಿ ಬಂದಳು. ಕಾಸರಗೋಡಿನಿಂದ ಜೀಪು ಮಾಡಿ ನೇರ ಗುಡ್ಡಕ್ಕೇ. ಅಷ್ಟರಲ್ಲಿ ಊರು ಸೇರಿ ಕಲ್ಲು ಎತ್ತಿಡುತ್ತಿತ್ತು. ಚನಿಯ ಹಂಚಿನ ಚೂರುಗಳನ್ನು ಬುಟ್ಟಿಯಲ್ಲಿ ಹೊರುತ್ತಿದ್ದ. ಅವಳು ಯಾರ ಹತ್ತಿರವೂ ಮಾತಾಡದೆ ಚಪ್ಪರದ ಒಳಗೆ ಬಂದು, ಕತ್ತು ಎತ್ತಿ, ನಡುಪೈಪನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಗೋಡೆಯಿಂದ ಎದ್ದು ಶೀಟನ್ನು ದಾಟುವ ಪೈಪು ಎಲ್ಲಿಯೂ ಇರಲಿಲ್ಲ. ಶೀಟಿನಲ್ಲಿ ಒಂದು ತೂತಿನ ಬೆಳಕೂ ಇರಲಿಲ್ಲ. ನೋಡಿ ಮುಗಿಸಿ ಅವಳು ಆನ್ಸನ್ ಕಡೆ ತಿರುಗಿದಾಗ ಅವನು ಬಗ್ಗಿ ಕಲ್ಲೊಂದಕ್ಕೆ ಕೈ ಹಾಕಿದ.

"ನಿನ್ನೆ ಸಂಜೆ ಉಪಗ್ರಹ ಮೇಲಿಂದ ಹೋಗಿತ್ತು, ರಾತ್ರಿಯೇ ಹೊಸ ಲೆಕ್ಕ ತೆಗೆದೆ," ಎಂದಳು, ಅವನಿಗೆ ಮಾತ್ರ ಕೇಳುವಷ್ಟು. "ಬಿದ್ದ ಮೇಲಿನದ್ದು. ಈಗಲೂ ಗೆರೆ ಮಟ್ಟಸವೇ ಉಂಟು, ಆನ್ಸನ್."

ಅವನಿಗೆ ಬೈಗಳು ಬೇಕಿತ್ತು. ಅವಳು ಬೈಯಲಿಲ್ಲ, ವಿವರಿಸಲೂ ಇಲ್ಲ. ಫೋಟೋ ನೋಡಿದಾಗಲೇ ಪೈಪು ಎಲ್ಲಿ ಎಂದು ಕೇಳಬೇಕಿತ್ತು ತಾನು, ಹಾಕಿದ್ದು ಅಣ್ಣನಲ್ಲವಾ ಎಂದು ನಂಬಿ ಕೇಳಲಿಲ್ಲ ಎಂದಳು. ಅದನ್ನು ಹೇಳಿದ್ದು ಅವನಿಗೋ ತನಗೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಕಜೆತಾನರು ಬಂದರು. ಸುತ್ತಲೂ ಜನ ಇದ್ದರು, ಫಾದರ್ ಇದ್ದರು, ಹೆದ್ದಾರಿಯ ಇಗರ್ಜಿಯಿಂದ ನೋಡಲು ಬಂದವರೂ ಇದ್ದರು. ಅವರೆಲ್ಲರ ಎದುರು, ಕೆಸರಾದ ಪ್ಯಾಂಟಿನಲ್ಲಿ ನಿಂತು, ಅವರು ಮಗಳಿಗೆ ಕೇಳಿದರು.

"ನಿನ್ನ ಉಪಗ್ರಹಕ್ಕೆ ಕಣ್ಣು ಕಾಣುದಿಲ್ವಾ? ಎಂತ ಹೇಳಿದ್ದೆ ನೀನು ಅವತ್ತು ಇಷ್ಟು ಜನರಿಗೆ?"

ಮೆರ್ಲಿನ್ ಅಪ್ಪನನ್ನು ನೋಡಿದಳು. ಅವರು ಅವಳ ಮುಖ ಬಿಟ್ಟು ಹೆಗಲಿನ ಚೀಲಕ್ಕೆ ಬೈಯುತ್ತಿರುವಂತಿತ್ತು. ಮುಂಗೋಡೆಯ ಬದಿಯಲ್ಲಿ ಚನಿಯ ಬುಟ್ಟಿ ಇಳಿಸಿ ನಿಂತಿದ್ದ. ಅವತ್ತು ಏಣಿ ಹಿಡಿದಿದ್ದವನು, ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದ್ದ.

"ತಪ್ಪಾಯ್ತು ಪಪ್ಪಾ," ಎಂದಳು ಮೆರ್ಲಿನ್.

ಜನರ ನಡುವೆ ಗುಜುಗುಜು ಎದ್ದಿತು. ಓದಿದವರನ್ನು ನಂಬಿ ಕೆಟ್ಟೆವು ಎಂದರು ಯಾರೋ. ಕಂಪ್ಯೂಟರಿನಲ್ಲಿ ಇಗರ್ಜಿ ಈಗಲೂ ಗಟ್ಟಿ ಇರಬಹುದು ಎಂದು ಇನ್ನೊಬ್ಬ ಹೇಳಿದ್ದಕ್ಕೆ ಕೆಲವರು ನಕ್ಕರು. ಆನ್ಸನ್‌ನ ಕೈಯಲ್ಲಿದ್ದ ಕಲ್ಲು ಕೆಳಗೆ ಬಿತ್ತು. ಅವನು ಕಲ್ಲಿನ ರಾಶಿ ದಾಟಿ ಅಪ್ಪನ ಎದುರಿಗೆ ಹೋಗುವಷ್ಟರಲ್ಲಿ ಪಡುಬದಿಯಿಂದ ಮಳೆ ಬಂತು. ಶೀಟಿನ ಮೇಲೆ ಜಲ್ಲಿ ಸುರಿದ ಹಾಗೆ ಬಂತು. ಗುಡ್ಡದಲ್ಲಿ ಬೇರೆ ಸೂರು ಇರಲಿಲ್ಲ. ಬಂದವರೆಲ್ಲ ಚಪ್ಪರದ ನಡುವಿಗೆ ಒತ್ತಿಕೊಂಡರು. ಆ ಸದ್ದಿನೊಳಗೆ ಆನ್ಸನ್ ಹೇಳಿದ. ಪೆಟ್ಟಿಗೆ ಶೀಟಿಗೆ ಹಾಕಿದ್ದು, ಸುಳ್ಳು ಹೇಳಿದ್ದು ನಾನು, ಪ್ಲಗ್ಗು ಕಿತ್ತದ್ದು ನೀವು, ಸಭೆಯಲ್ಲಿ ನಿಮಗೂ ಗೊತ್ತಿತ್ತು ಎಂದು, ಕುತ್ತಿಗೆಯ ನರ ಬಿಗಿಯುವ ಹಾಗೆ ಪೂರ್ತಿ ಹೇಳಿದ. ಅವನ ಬಾಯಿ ಆಡುವುದನ್ನು ಹತ್ತಿರದವರು ನೋಡಿದರು. ಕಜೆತಾನರು ಕಿವಿಗೆ ಕೈ ಇಟ್ಟು, ಕೇಳುವುದಿಲ್ಲವೆಂದು ತಲೆಯಾಡಿಸಿದರು. ಕಣ್ಣು ಮಾತ್ರ ಮಗನ ತುಟಿಯ ಮೇಲೆಯೇ ಇತ್ತು.

ಮಳೆ ಸಣ್ಣಗಾಗಲು ಸುಮಾರು ಹೊತ್ತು ಹಿಡಿಯಿತು. ಶೀಟಿನ ಅಂಚಿನಿಂದ ನೀರು ಹಗ್ಗದಂತೆ ಇಳಿದು, ಆಮೇಲೆ ದಾರದಂತಾಯಿತು. ಮಾತು ಮತ್ತೆ ಕೇಳಿಸತೊಡಗಿತು.

"ಎಂತ ಹೇಳಿದ್ದು ನೀನು?" ಎಂದರು ಕಜೆತಾನರು.

ಎಲ್ಲರೂ ಅವನ ಕಡೆಗೇ ನೋಡುತ್ತಿದ್ದರು. ಫಾದರ್ ಕೂಡ ಕೊಡೆ ಮಡಚುತ್ತ ಕಾದರು. ಅಪ್ಪನ ಬಿಳಿ ಕುರುಚಲು ಗಡ್ಡದಲ್ಲಿ ಕೆಂಪು ಧೂಳು ಕೂತದ್ದು ಆನ್ಸನ್‌ಗೆ ಇಷ್ಟು ಹತ್ತಿರದಿಂದ ಕಂಡಿತು. ಅಷ್ಟು ಮುದುಕರಾಗಿ ಅವರನ್ನು ಅವನು ಮೊದಲು ನೋಡಿರಲಿಲ್ಲ.

"ಎಂತ ಇಲ್ಲ," ಎಂದ.

ಹಿಂದುಗಡೆ ಜೋಸ್ಫಿನ್ ಮಾವ್ಶಿ ಕಲ್ಲುಗಳ ಎಡೆಯಿಂದ ಆಲ್ತಾರಿನ ಒಂದು ಹಲಗೆಯನ್ನು ಒಬ್ಬರೇ ಎಳೆಯುತ್ತಿದ್ದರು. ಬಳ್ಳಿ, ದ್ರಾಕ್ಷಿಗೊಂಚಲು ಕೆತ್ತಿದ ಉದ್ದ ಹಲಗೆ, ಹೇಗೋ ಮುರಿಯದೆ ಉಳಿದದ್ದು. ಮೆರ್ಲಿನ್ ಚೀಲವನ್ನು ನೆಲಕ್ಕಿಟ್ಟು ಒಂದು ತುದಿ ಹಿಡಿದಳು. ಆನ್ಸನ್ ಹೋಗಿ ಇನ್ನೊಂದು ತುದಿ ಹಿಡಿದ. ಒಬ್ಬರ ಮುಖ ಒಬ್ಬರು ನೋಡದೆ, ಹೆಜ್ಜೆ ಮಾತ್ರ ಹೊಂದಿಸಿಕೊಂಡು, ಜನ ಬಿಟ್ಟುಕೊಟ್ಟ ದಾರಿಯಲ್ಲಿ ಅದನ್ನು ಒಣಗಿದ ಜಾಗಕ್ಕೆ ತಂದು, ನಾಲ್ಕು ಕಲ್ಲು ಜೋಡಿಸಿ ಮೇಲಿಟ್ಟರು. ಮಾವ್ಶಿ ಸೆರಗಿನಿಂದ ಕೆಸರು ಒರೆಸತೊಡಗಿದಾಗ ಹಲಗೆ ಒಂದು ಬದಿಗೆ ಕುಲುಕಿತು. ಮೆರ್ಲಿನ್ ಕುಕ್ಕರಗಾಲಿನಲ್ಲಿ ಕೂತು, ಹಂಚಿನ ಚೂರೊಂದನ್ನು ಹುಡುಕಿ ಆ ಮೂಲೆಯ ಅಡಿಗೆ ತೂರಿಸಿ, ಅಂಗೈ ಊರಿ ಒತ್ತಿ ನೋಡಿದಳು. ಇನ್ನೂ ಕುಲುಕುತ್ತಿತ್ತು. ಅವಳು ಕೈ ತೆಗೆಯದೆ ಇನ್ನೊಂದು ಚೂರಿಗಾಗಿ ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿದಳು.